ಗಣಕಯಂತ್ರದ ಬೀಗದಕೈ

ಒಂದು ನಿಘಂಟನ್ನು ಕೊಂಡು ಮನೆಗೆ ತಂದೆವೆನ್ನಿ. ಅಂದಿನಿಂದ ಅದು ನಮ್ಮದು. ಅದನ್ನು ನಾವು ಓದಬಹುದು, ಗೆಳೆಯನಿಗೆ ಎರವಲು ಕೊಡಬಹುದು, ಬೇಡವಾದಾಗ ಹಳೆಯ ಪುಸ್ತಕದ ಅಂಗಡಿಗೆ ಮಾರಲೂಬಹುದು. ಪುಸ್ತಕವನ್ನು ತೆರೆಯುವ ಮುನ್ನ ಪ್ರಕಾಶಕನ ಅಪ್ಪಣೆಯನ್ನು ಬೇಡುವ ಪ್ರಮೇಯ ನಮಗೆ ಎಂದೂ ಒದಗುವುದಿಲ್ಲ. ಅದೇ ನಾವು ಒಂದು ಗಣಕಯಂತ್ರವನ್ನು ತಂದು, ಅದರಲ್ಲಿ ವಿಂಡೋಸ್‌ನಂಥ ಕಾರ್ಯಾಚರಣ ವ್ಯವಸ್ಥೆಯನ್ನು ಸ್ಥಾಪಿಸಲು ಹೊರಟರೆ ಅನುಭವವೇ ಬೇರೆ. ಕಾರ್ಯಾಚರಣ ವ್ಯವಸ್ಥೆಯೆಂದರೆ ಗಣಕದ ಅಂಗಾಂಗಗಳನ್ನೆಲ್ಲ ಒಂದು ಹಿಡಿತದಲ್ಲಿಟ್ಟು ನಡೆಸುವ ಮೂಲ ತಂತ್ರಾಂಶ. ಅದಿಲ್ಲದ ಗಣಕ ಬರಿಯ ಲೋಹದ ಪೆಟ್ಟಿಗೆ. ಅದನ್ನು ಸ್ಥಾಪಿಸುವಾಗ ಪರದೆಯ ಮೇಲೆ ಉದ್ದವಾದ ಒಂದು ಒಪ್ಪಂದಪತ್ರ ಮೂಡುತ್ತದೆ. ಒಪ್ಪಿದ್ದೇನೆಂದು ತಿಳಿಸದ ಹೊರತು ಕೆಲಸ ಮುಂದೆ ಸಾಗದು. ಜೊತೆಗೆ, ಇಪ್ಪತ್ತೈದು ಅಕ್ಷರ ಅಂಕಿಗಳ ಒಂದು ಸಾಲನ್ನು ಬರೆಯಿರೆಂದು ಯಂತ್ರವು ಕೇಳುತ್ತದೆ. ಇದಕ್ಕೆ ಪ್ರಾಡಕ್ಟ್ ಕೀ ಎಂದು ಹೆಸರು. ನಾವು ಇದನ್ನು ಬೀಗದಕೈ ಎಂದೇ ಕರೆಯೋಣ.

ಹಣ ಕೊಟ್ಟು ಕೊಂಡ ವಸ್ತುವನ್ನು ಬಳಸಲು ಮತ್ತೊಂದು ಅಪ್ಪಣೆ ಏಕೆ? ಈ ಇಪ್ಪತ್ತೈದು ಅಕ್ಷರಗಳಲ್ಲಿ ಅಡಗಿರುವುದೇನು? ಅವು ಸರಿಯೋ ತಪ್ಪೋ ಎಂಬುದು ಯಂತ್ರಕ್ಕೆ ತಿಳಿಯುವುದು ಹೇಗೆ? ಎಲ್ಲಕ್ಕೂ ಮಿಗಿಲಾಗಿ, ಬೀಗದಕೈ ಕೈಯಲ್ಲಿದ್ದ ಮಾತ್ರಕ್ಕೆ ಬಳಸುವ ಹಕ್ಕೂ ನಮಗೆ ಬಂದಂತಾಯಿತೆ? ಈ ಪ್ರಶ್ನೆಗಳನ್ನು ಒಂದೊಂದಾಗಿ ಪರಿಶೀಲಿಸೋಣ.

ಮೊದಲ ಪ್ರತಿ, ಎರಡನೆಯ ಪ್ರತಿ

ಪುಸ್ತಕದ ಪ್ರತಿಯೊಂದು ಪ್ರತಿಗೂ ಕಾಗದ ಬೇಕು, ಶಾಯಿ ಬೇಕು, ಅಚ್ಚಿನ ಮನೆಯವರ ಶ್ರಮ ಬೇಕು. ತಂತ್ರಾಂಶದ ಸ್ಥಿತಿ ಹಾಗಲ್ಲ. ಅದು ಸೊನ್ನೆ ಒಂದುಗಳ ದೀರ್ಘವಾದ ಒಂದು ಸಾಲು, ಅಷ್ಟೆ. ದೀಪದಿಂದ ದೀಪವನ್ನು ಹೊತ್ತಿಸಿದರೆ ಮೊದಲಿನದು ಕುಂದದಿರುವಂತೆ, ಒಂದು ತಂತ್ರಾಂಶದಿಂದ ಸಾವಿರ ಪ್ರತಿಗಳನ್ನು ತೆಗೆದರೂ ಮೂಲಪ್ರತಿ ಸವೆಯುವುದಿಲ್ಲ. ನಕಲಿಗೂ ಅಸಲಿಗೂ ಎಳ್ಳಷ್ಟೂ ಭೇದವಿರುವುದಿಲ್ಲ. ಮೊದಲ ಪ್ರತಿಯನ್ನು ಸಿದ್ಧಪಡಿಸಲು ನೂರಾರು ಜನರು ವರ್ಷಗಟ್ಟಲೆ ದುಡಿದಿರಬಹುದು. ಎರಡನೆಯ ಪ್ರತಿಗೆ ತಗಲುವ ವೆಚ್ಚ ಮಾತ್ರ ಇಲ್ಲವೆಂಬಷ್ಟು ಕಡಮೆ. ತಂತ್ರಾಂಶದ ವ್ಯಾಪಾರದ ತೊಡಕೆಲ್ಲ ಈ ಒಂದು ಸಂಗತಿಯಿಂದ ಹುಟ್ಟಿದೆ.

ಗಣಕಯಂತ್ರಗಳ ಆರಂಭದ ದಿನಗಳಲ್ಲಿ ಈ ತೊಡಕು ಯಾರನ್ನೂ ಅಷ್ಟಾಗಿ ಬಾಧಿಸಲಿಲ್ಲ. ಒಂದು ಕೋಣೆಯನ್ನೇ ತುಂಬುವ ಯಂತ್ರವನ್ನು ಲಕ್ಷಾಂತರ ಡಾಲರು ತೆತ್ತು ಪಡೆಯುವವರಿಗೆ ತಂತ್ರಾಂಶವು ಯಂತ್ರದೊಡನೆ ಸೇರಿಯೇ ಬರುತ್ತಿತ್ತು. 1969ನೆಯ ಜೂನ್ 23ರಂದು ಅಮೆರಿಕದ ಐಬಿಎಂ ಸಂಸ್ಥೆಯು ತನ್ನ ತಂತ್ರಾಂಶಗಳಿಗೆ ಪ್ರತ್ಯೇಕ ಬೆಲೆ ಕಟ್ಟುವುದಾಗಿ ಸಾರಿತು. ತಂತ್ರಾಂಶವು ತಾನೇ ಒಂದು ಸರಕಾಗಿ ಮಾರುಕಟ್ಟೆಗೆ ಇಳಿಯಲು ಇದು ದಾರಿಮಾಡಿತು.

ಮುಂದೆ ಆರೇಳು ವರ್ಷಗಳಲ್ಲಿ ಆಲ್ಟೇರ್ 8800 ಎಂಬ ಪುಟ್ಟ ಗಣಕವು ಹವ್ಯಾಸಿಗಳ ಮನೆಯನ್ನು ಹೊಕ್ಕಿತು. ಅದಕ್ಕೆಂದು ಬಿಲ್ ಗೇಟ್ಸ್ ಮತ್ತು ಪಾಲ್ ಆಲೆನ್ ಎಂಬ ತರುಣರು ಬೇಸಿಕ್ ಭಾಷೆಯ ತಂತ್ರಾಂಶವೊಂದನ್ನು ರಚಿಸಿದ್ದರು. ತೂತು ಹೊಡೆದ ಕಾಗದದ ಸುರುಳಿಯ ಮೇಲಿದ್ದ ಆ ತಂತ್ರಾಂಶವನ್ನು ಹವ್ಯಾಸಿಗಳು ಒಬ್ಬರಿಂದೊಬ್ಬರು ನಕಲು ಮಾಡಿಕೊಂಡರು. ಗೇಟ್ಸ್ 1976ನೆಯ ಫೆಬ್ರವರಿ 3ರಂದು ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಆಲ್ಟೇರ್ ಇಟ್ಟುಕೊಂಡವರಲ್ಲಿ ಬೇಸಿಕ್ಕನ್ನು ಹಣ ಕೊಟ್ಟು ಕೊಂಡವರು ಹತ್ತರಲ್ಲಿ ಒಬ್ಬರೂ ಇಲ್ಲವೆಂದೂ, ಬಂದ ಗೌರವಧನವನ್ನು ದುಡಿದ ಹೊತ್ತಿಗೆ ಹಂಚಿದರೆ ಗಂಟೆಗೆ ಎರಡು ಡಾಲರೂ ಬೀಳದೆಂದೂ ಅವರ ದೂರು. ಯಂತ್ರಕ್ಕೆ ಬೆಲೆ ತೆರುವವರು ಬುದ್ಧಿಯ ದುಡಿಮೆಗೆ ಏಕೆ ತೆರಬಾರದು ಎಂಬುದು ಅವರ ಪ್ರಶ್ನೆ. ಕೊಂಡ ವಸ್ತುವನ್ನು ಗೆಳೆಯನೊಡನೆ ಹಂಚಿಕೊಂಡರೆ ತಪ್ಪೇನು ಎಂಬುದು ಹವ್ಯಾಸಿಗಳ ಪ್ರಶ್ನೆ. ಈ ಎರಡು ಪ್ರಶ್ನೆಗಳ ನಡುವಣ ಜಗ್ಗಾಟವೇ ಬೀಗದಕೈಯ ಚರಿತ್ರೆ.

ಏಳರ ಲೆಕ್ಕ

1995ನೆಯ ಆಗಸ್ಟಿನಲ್ಲಿ ವಿಂಡೋಸ್ 95 ಹೊರಬಂದಾಗ ಬಹುಮಂದಿಯ ಮನೆಗಳಲ್ಲಿ ಇಂಟರ್‌ನೆಟ್ ಸಂಪರ್ಕವಿರಲಿಲ್ಲ. ಆದುದರಿಂದ ಬೀಗದಕೈಯ ಪರೀಕ್ಷೆಯೆಲ್ಲ ಅಲ್ಲಿಯೇ, ಆ ಗಣಕದೊಳಗೇ ಮುಗಿಯಬೇಕಾಗಿತ್ತು. ಯಾವ ಯಾವ ಅಂಕಿಗಳನ್ನು ಯಾರು ಯಾರಿಗೆ ಮಾರಲಾಗಿದೆಯೆಂಬ ಪಟ್ಟಿ ಯಂತ್ರದ ಬಳಿ ಇಲ್ಲ. ಅದು ಮಾಡಬಲ್ಲದ್ದು ಕೇವಲ ಒಂದು ಲೆಕ್ಕ.

ಅಂಗಡಿಯಲ್ಲಿ ಮಾರುತ್ತಿದ್ದ ಪ್ರತಿಯ ಕೈಯಲ್ಲಿ ಹತ್ತು ಅಂಕಿಗಳಿದ್ದುವು: ಮೊದಲು ಮೂರು, ಅನಂತರ ಏಳು. ಮೊದಲ ಮೂರು ಅಂಕಿಗಳು 333, 444 ಮುಂತಾದ ಕೆಲವು ನಿಷಿದ್ಧ ಸಂಖ್ಯೆಗಳಾಗಿರಕೂಡದು. ಉಳಿದ ಏಳು ಅಂಕಿಗಳ ಮೊತ್ತವು 7ರಿಂದ ನಿಶ್ಶೇಷವಾಗಿ ಭಾಗವಾಗಬೇಕು. 2718271 ಎಂಬುದನ್ನು ತೆಗೆದುಕೊಳ್ಳಿ. ಅಂಕಿಗಳನ್ನು ಕೂಡಿದರೆ 28, ಅದು ಏಳರ ನಾಲ್ಕರಷ್ಟು, ಲೆಕ್ಕ ಸರಿಹೋಯಿತು. ಕಡೆಯ ಅಂಕಿಯನ್ನು 2 ಎಂದು ಬರೆದರೆ ಮೊತ್ತ 29 ಆಗಿ 1 ಶೇಷ ಉಳಿಯುತ್ತದೆ, ಬಾಗಿಲು ತೆರೆಯದು.

ಈ ಬೀಗವು ಎಷ್ಟು ಗಟ್ಟಿ? ಯಾವುದೇ ಮೊತ್ತವನ್ನು 7ರಿಂದ ಭಾಗಿಸಿದರೆ ಸೊನ್ನೆಯಿಂದ ಆರರವರೆಗೆ ಏಳು ಬಗೆಯ ಶೇಷಗಳು ಬರಬಹುದು. ಅವುಗಳಲ್ಲಿ ಒಂದು ಮಾತ್ರ ಸರಿ. ಎಂದರೆ, ಮನಸ್ಸಿಗೆ ಬಂದ ಅಂಕಿಗಳನ್ನು ಬರೆಯುತ್ತ ಹೋದರೂ ಸುಮಾರು ಏಳು ಪ್ರಯತ್ನಗಳಲ್ಲಿ ಒಂದು ಫಲಿಸುತ್ತದೆ. ಇನ್ನೊಂದು ಕೊರತೆ: 2718271ರಲ್ಲಿ 1 ಮತ್ತು 8ನ್ನು ಅದಲುಬದಲು ಮಾಡಿ 2781271 ಎಂದು ಬರೆದರೂ ಮೊತ್ತ 28 ಆಗಿಯೇ ಉಳಿಯುತ್ತದೆ, ಬರೆದವನ ತಪ್ಪು ಪತ್ತೆಯಾಗದು. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ, ಬೀಗದ ಗುಟ್ಟು ಬೀಗದೊಳಗೇ ಇದ್ದುದು. ಸ್ಥಾಪನೆಯ ತಂತ್ರಾಂಶವನ್ನು ಬಿಚ್ಚಿ ನೋಡಬಲ್ಲವನಿಗೆ ಈ ನಿಯಮವು ತಿಳಿದುಹೋಗುತ್ತದೆ. ನಿಯಮವನ್ನು ತಿಳಿದವನು ಬೇಕಾದಷ್ಟು ಕೈಗಳನ್ನು ತಾನೇ ತಯಾರಿಸಬಲ್ಲನು. ಕಳ್ಳನನ್ನು ತಡೆಯುವ ಬೀಗ ಇದಲ್ಲ. ಪ್ರಾಮಾಣಿಕನಿಗೆ ‘ಇದಕ್ಕೊಬ್ಬ ಒಡೆಯನಿದ್ದಾನೆ’ ಎಂದು ನೆನಪಿಸುವ ಅಗುಳಿ ಮಾತ್ರ.

ರಾಜಮುದ್ರೆಯ ಗಣಿತ

2001ನೆಯ ಅಕ್ಟೋಬರ್ 25ರಂದು ಮಾರುಕಟ್ಟೆಗೆ ಬಂದ ವಿಂಡೋಸ್ ಎಕ್ಸ್‌ಪಿಯ ಬೀಗದಕೈಯಲ್ಲಿ ಐದೈದರ ಐದು ಗುಂಪುಗಳಲ್ಲಿ ಒಟ್ಟು 25 ಚಿಹ್ನೆಗಳಿದ್ದುವು. ಇಂಗ್ಲಿಷಿನಲ್ಲಿ 26 ಅಕ್ಷರಗಳೂ 10 ಅಂಕಿಗಳೂ ಸೇರಿ 36 ಚಿಹ್ನೆಗಳಿವೆಯಷ್ಟೆ. ಆದರೆ ಇಲ್ಲಿ ಬಳಸಿದ್ದು 24 ಮಾತ್ರ. ಸೊನ್ನೆಗೂ ‘ಓ’ ಅಕ್ಷರಕ್ಕೂ, ಒಂದಕ್ಕೂ ‘ಐ’ ಅಕ್ಷರಕ್ಕೂ, ಐದಕ್ಕೂ ‘ಎಸ್’ ಅಕ್ಷರಕ್ಕೂ ಕಣ್ಣು ಮೋಸಹೋಗುವುದು ಸಹಜ, ಇಂಥವನ್ನು ಬಿಡಲಾಯಿತು. ಐದು ಸ್ವರಾಕ್ಷರಗಳಲ್ಲಿ ಒಂದೂ ಇಲ್ಲದ್ದರಿಂದ ಅಕಸ್ಮಾತ್ತಾಗಿ ಯಾವುದಾದರೂ ಪದ ರೂಪುಗೊಂಡು ಮುಜುಗರವಾಗುವ ಭಯವೂ ತಪ್ಪಿತು.

ಪ್ರತಿಯೊಂದು ಸ್ಥಾನದಲ್ಲಿಯೂ 24 ಚಿಹ್ನೆಗಳಲ್ಲಿ ಯಾವುದಾದರೊಂದು ಬರಬಹುದಾದುದರಿಂದ, 25 ಸ್ಥಾನಗಳಿಗೆ 24ನ್ನು ಇಪ್ಪತ್ತೈದು ಸಲ ಗುಣಿಸಬೇಕು. ಬರುವ ಸಂಖ್ಯೆಯು, ಸುಮಾರಾಗಿ, 32ರ ಮುಂದೆ 33 ಸೊನ್ನೆಗಳನ್ನು ಬರೆದಷ್ಟು. ಈ ಮಹಾರಾಶಿಯಲ್ಲಿ ನಿಜವಾದ ಕೈಗಳು ಕಡಲಿನಲ್ಲಿ ಚೆಲ್ಲಿದ ಸಾಸಿವೆಯ ಹಾಗೆ ವಿರಳ. ಊಹೆಯಿಂದ ಒಂದನ್ನು ಹಿಡಿಯುವ ಆಸೆಯನ್ನು ಬಿಡಬೇಕಾಗುತ್ತದೆ.

ಆದರೆ ಬೀಗದ ಗುಟ್ಟು ಬೀಗದೊಳಗೇ ಇದ್ದರೆ ಉದ್ದವೊಂದರಿಂದ ಪ್ರಯೋಜನವೇನು? ಇಲ್ಲಿ ಗಣಿತವು ಒಂದು ಸೊಗಸಾದ ಉಪಾಯವನ್ನು ಒದಗಿಸಿತು. ಹಿಂದೆ ಅರಸನ ಪತ್ರಕ್ಕೆ ಮುದ್ರೆ ಒತ್ತುತ್ತಿದ್ದರು. ಮುದ್ರೆಯನ್ನು ಕಂಡು ಇದು ಅರಸನದೆಂದು ಊರಿನ ಯಾರಾದರೂ ಗುರುತಿಸಬಹುದು. ಒತ್ತಬಲ್ಲವನು ಮಾತ್ರ ಮುದ್ರೆಯುಂಗುರವನ್ನು ಧರಿಸಿದವನೊಬ್ಬನೇ. ಬೀಗದಕೈಯ 25 ಚಿಹ್ನೆಗಳಲ್ಲಿ ಒಂದು ಪಾಲು ಆ ಪ್ರತಿಯ ಕ್ರಮಸಂಖ್ಯೆ. ಉಳಿದುದೆಲ್ಲ ಆ ಸಂಖ್ಯೆಯ ಮೇಲೆ ತಯಾರಕನು ಒತ್ತಿದ ಗಣಿತದ ಮುದ್ರೆ. ಇದಕ್ಕೆ ಡಿಜಿಟಲ್ ಸಹಿ ಎನ್ನುತ್ತಾರೆ. ಮುದ್ರೆಯನ್ನು ಪರೀಕ್ಷಿಸುವ ಸೂತ್ರವು ಸ್ಥಾಪನೆಯ ತಂತ್ರಾಂಶದಲ್ಲಿರುತ್ತದೆ. ಒತ್ತುವ ಗುಪ್ತಸಂಖ್ಯೆಯು ತಯಾರಕನ ಬಳಿಯಲ್ಲೇ ಉಳಿಯುತ್ತದೆ.

ಪರೀಕ್ಷಿಸಬಲ್ಲವನು ಒತ್ತಲಾರದಿರುವುದು ಹೇಗೆ ಸಾಧ್ಯ? ಒಂದು ಕಡೆಗೆ ಸುಲಭವಾಗಿಯೂ ಮರಳಿ ಬರುವಾಗ ಕಷ್ಟವಾಗಿಯೂ ಇರುವ ಲೆಕ್ಕಗಳು ಗಣಿತದಲ್ಲಿ ಇವೆ. 83ನ್ನು 97ರಿಂದ ಗುಣಿಸಿರೆಂದರೆ ಪ್ರೌಢಶಾಲೆಯ ವಿದ್ಯಾರ್ಥಿಯೂ ಕ್ಷಣದಲ್ಲಿ 8051 ಎಂದಾನು. ಆದರೆ 8051 ಯಾವ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವೆಂದು ಕೇಳಿದರೆ ಕಾಗದ ಪೆನ್ಸಿಲುಗಳನ್ನು ಹುಡುಕಬೇಕಾಗುತ್ತದೆ. ಸಂಖ್ಯೆಗಳು ನೂರಾರು ಅಂಕಿಗಳಷ್ಟು ಉದ್ದವಾದರೆ ಮಹಾಗಣಕಗಳೂ ಸೋಲುತ್ತವೆ. ಎಕ್ಸ್‌ಪಿಯಲ್ಲಿ ಬಳಸಿದ್ದು ಈ ಲೆಕ್ಕವನ್ನಲ್ಲ, ದೀರ್ಘವೃತ್ತೀಯ ವಕ್ರರೇಖೆಗಳೆಂಬ ಗಣಿತವಸ್ತುಗಳ ಮೇಲಿನ ಮತ್ತೊಂದು ಲೆಕ್ಕವನ್ನು. ಆದರೂ ತತ್ತ್ವವೊಂದೇ: ಹೋಗುವ ದಾರಿ ಇಳಿಜಾರು, ಬರುವ ದಾರಿ ಕಡಿದಾದ ಬೆಟ್ಟ.

ಯಂತ್ರದ ಗುರುತು

ಮುದ್ರೆಯ ಗಣಿತವು ಹೊಸ ಕೈಗಳ ತಯಾರಿಕೆಯನ್ನು ಕಠಿನಗೊಳಿಸಿತು, ನಿಜ. ಆದರೆ ಒಂದೇ ಅಸಲಿ ಕೈಯನ್ನು ಸಾವಿರ ಮಂದಿ ತಮ್ಮ ತಮ್ಮ ಯಂತ್ರಗಳಲ್ಲಿ ಬರೆದರೆ? ಪ್ರತಿಯೊಂದು ಯಂತ್ರವೂ ಮುದ್ರೆಯನ್ನು ಪರೀಕ್ಷಿಸಿ ಸರಿಯೆಂದೇ ಹೇಳುತ್ತದೆ. ತನ್ನಂತೆ ಇನ್ನೂ ಸಾವಿರ ಯಂತ್ರಗಳು ಹಾಗೆಂದುವೆಂಬುದು ಅದಕ್ಕೆ ತಿಳಿಯದು. ಇದನ್ನು ತಡೆಯಬೇಕಾದರೆ ಎಲ್ಲ ಯಂತ್ರಗಳ ಲೆಕ್ಕವನ್ನೂ ಒಂದೆಡೆ ಬರೆದಿಡುವ ದಫ್ತರವೊಂದು ಬೇಕು. ಆ ದಫ್ತರಕ್ಕೆ ಹೆಸರು ಹಚ್ಚಿಸುವ ಕ್ರಿಯೆಯೇ ಆಕ್ಟಿವೇಷನ್. ಎಕ್ಸ್‌ಪಿಯನ್ನು ಸ್ಥಾಪಿಸಿದವರು 30 ದಿನಗಳೊಳಗೆ ಇದನ್ನು ಮಾಡಬೇಕಾಗಿತ್ತು.

ದಫ್ತರದಲ್ಲಿ ಬರೆಯಲು ಯಂತ್ರಕ್ಕೊಂದು ಗುರುತು ಬೇಕಷ್ಟೆ. ಸಂಸ್ಕಾರಕ, ಸ್ಮೃತಿಯ ಗಾತ್ರ, ಹಾರ್ಡ್ ಡಿಸ್ಕು, ಚಿತ್ರವನ್ನು ಮೂಡಿಸುವ ಕಾರ್ಡು, ಜಾಲಕ್ಕೆ ಸಂಪರ್ಕಿಸುವ ಕಾರ್ಡು ಮೊದಲಾಗಿ ಹತ್ತು ಲಕ್ಷಣಗಳನ್ನು ಎಕ್ಸ್‌ಪಿ ಗಮನಿಸುತ್ತಿತ್ತು. ಆದರೆ ಇವನ್ನು ಇದ್ದಂತೆಯೇ ಕಳುಹಿಸುತ್ತಿರಲಿಲ್ಲ. ರಾಗಿಯನ್ನು ಬೀಸಿ ಹಿಟ್ಟುಮಾಡಬಹುದು. ಹಿಟ್ಟಿನಿಂದ ರಾಗಿಯ ಕಾಳನ್ನು ಮರಳಿ ಪಡೆಯಲಾಗದು. ಅದೇ ರೀತಿ, ಪ್ರತಿಯೊಂದು ಲಕ್ಷಣವನ್ನೂ ಹ್ಯಾಷ್ ಎಂಬ ಏಕಮುಖ ಲೆಕ್ಕಕ್ಕೆ ಒಡ್ಡಿ, ಬಂದ ಫಲದಲ್ಲಿ ಒಂದು ಸಣ್ಣ ತುಣುಕನ್ನು ಮಾತ್ರ ಉಳಿಸಿಕೊಳ್ಳುತ್ತಿದ್ದರು. ಜಾಲದ ಕಾರ್ಡಿನ ವಿಳಾಸವು 48 ದ್ವಿಮಾನ ಅಂಕಿಗಳಷ್ಟು ಉದ್ದ. ಸುಮಾರು 281 ಲಕ್ಷ ಕೋಟಿ ಬೇರೆ ಬೇರೆ ವಿಳಾಸಗಳಿಗೆ ಅದರಲ್ಲಿ ಎಡೆಯಿದೆ. ಅದರಿಂದ ಉಳಿಸಿಕೊಂಡ ತುಣುಕು ಹತ್ತೇ ದ್ವಿಮಾನ ಅಂಕಿಗಳದು. ಅದರಲ್ಲಿ ಸಾಧ್ಯವಿರುವ ಬೆಲೆಗಳು 1,024 ಮಾತ್ರ. ಒಂದೊಂದು ಬೆಲೆಗೂ ಸುಮಾರು 27,000 ಕೋಟಿ ವಿಳಾಸಗಳು ಹೊಂದುತ್ತವೆ. ಆದಕಾರಣ ಆ ತುಣುಕನ್ನು ಹಿಡಿದು ಇದು ಯಾರ ಯಂತ್ರವೆಂದು ಹೇಳಲಾಗದು. ಹಿಂದೆ ಬಂದಿದ್ದ ಯಂತ್ರವೇ ಹೌದೋ ಅಲ್ಲವೋ ಎಂಬುದನ್ನು ಮಾತ್ರ, ಹತ್ತು ತುಣುಕುಗಳನ್ನೂ ಒಟ್ಟಿಗೆ ನೋಡಿ, ಬಹುಮಟ್ಟಿಗೆ ತಿಳಿಯಬಹುದು. ಒಂದೆರಡು ಲಕ್ಷಣಗಳು ಬದಲಾದರೆ ವ್ಯವಸ್ಥೆಯು ಸಹಿಸಿಕೊಳ್ಳುತ್ತಿತ್ತು. ಹಲವು ಒಮ್ಮೆಗೇ ಬದಲಾದರೆ ಇದು ಬೇರೆ ಯಂತ್ರವೆಂದು ಬಗೆದು ಮತ್ತೆ ಹೆಸರು ಹಚ್ಚಿಸೆಂದು ಕೇಳುತ್ತಿತ್ತು.

ಇಂಟರ್‌ನೆಟ್ ಇಲ್ಲದವರು ದೂರವಾಣಿಯ ಮೂಲಕ ಈ ಕೆಲಸವನ್ನು ಪೂರೈಸಬಹುದಾಗಿತ್ತು. ಯಂತ್ರದ ಗುರುತನ್ನೂ ಬೀಗದಕೈಯ ಸಂಖ್ಯೆಯನ್ನೂ ಒಳಗೊಂಡ 50 ಅಂಕಿಗಳನ್ನು ಓದಿ ಹೇಳಬೇಕು. ಆ ಕಡೆಯಿಂದ 42 ಅಂಕಿಗಳ ಉತ್ತರವನ್ನು ಬರೆದುಕೊಳ್ಳಬೇಕು. ಇಷ್ಟು ಅಂಕಿಗಳನ್ನು ತಪ್ಪಿಲ್ಲದೆ ಓದುವುದು ಸುಲಭವಲ್ಲ. ಅದಕ್ಕಾಗಿ ಓದಿ ಹೇಳುವ ಅಂಕಿಗಳನ್ನು ಆರಾರರ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪಿನ ಆರನೆಯ ಅಂಕಿಯನ್ನು ಕಾವಲಿಗೆ ನಿಲ್ಲಿಸಿದ್ದರು. ಇಲ್ಲಿಯೂ ಏಳರ ಲೆಕ್ಕವೇ. ಆದರೆ ಹಿಂದಿನದಕ್ಕಿಂತ ಜಾಣತನದ್ದು. ಮೊದಲ ಐದು ಅಂಕಿಗಳನ್ನು ಕೂಡಬೇಕು. ಎರಡನೆಯದನ್ನೂ ನಾಲ್ಕನೆಯದನ್ನೂ ಇನ್ನೊಮ್ಮೆ ಕೂಡಬೇಕು. ಮೊತ್ತವನ್ನು 7ರಿಂದ ಭಾಗಿಸಿದಾಗ ಉಳಿದ ಶೇಷವೇ ಆರನೆಯ ಅಂಕಿ. 31415 ಎಂಬ ಗುಂಪನ್ನು ನೋಡಿ. ಐದರ ಮೊತ್ತ 14, ಎರಡನೆಯ ನಾಲ್ಕನೆಯ ಸ್ಥಾನಗಳ 1, 1 ಸೇರಿ 16, ಶೇಷ 2. ಆದುದರಿಂದ ಗುಂಪು 314152 ಎಂದಾಗುತ್ತದೆ. ಓದುವವರು ಅವಸರದಲ್ಲಿ 34115 ಎಂದು ಅಂಕಿಗಳನ್ನು ಅದಲುಬದಲು ಮಾಡಿದರೆ ಲೆಕ್ಕ 19 ಆಗಿ ಶೇಷ 5 ಬರುತ್ತದೆ. ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ. ವಾಚಕರು ತಮ್ಮ ಇಷ್ಟದ ಐದು ಅಂಕಿಗಳನ್ನು ಬರೆದುಕೊಂಡು ಈ ಪರೀಕ್ಷೆಯನ್ನು ತಾವೇ ಮಾಡಿ ನೋಡಬಹುದು.

ಕೈ ಬೇರೆ, ಪರವಾನಗಿ ಬೇರೆ

ಇಷ್ಟು ಹೊತ್ತು ನಾವು ಬೀಗದಕೈಯ ಮಾತನ್ನಾಡಿದೆವು. ಆದರೆ ನಾವು ಹಣ ತೆತ್ತು ಪಡೆಯುವುದು ಪರವಾನಗಿಯನ್ನು. ಪರವಾನಗಿಯೆಂದರೆ ಈ ತಂತ್ರಾಂಶವನ್ನು ಇಂಥವರು, ಇಷ್ಟು ಯಂತ್ರಗಳಲ್ಲಿ, ಇಂಥ ಷರತ್ತುಗಳಿಗೆ ಒಳಪಟ್ಟು ಬಳಸಬಹುದೆಂಬ ಒಪ್ಪಂದ. ವಿಂಡೋಸ್‌ನ ಪರವಾನಗಿಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ.

ಮೊದಲನೆಯದು ಬಿಡಿಯಾಗಿ ಅಂಗಡಿಯಲ್ಲಿ ಸಿಗುವ ರೀಟೇಲ್ ಪರವಾನಗಿ. ಹಳೆಯ ಯಂತ್ರದಿಂದ ತೆಗೆದುಹಾಕಿ ಹೊಸ ಯಂತ್ರಕ್ಕೆ ಇದನ್ನು ಸಾಗಿಸಬಹುದು. ಏಕಕಾಲದಲ್ಲಿ ಎರಡರಲ್ಲಿ ಇರಿಸಕೂಡದು. ಎರಡನೆಯದು ಯಂತ್ರವನ್ನು ತಯಾರಿಸಿದವರೇ ತುಂಬಿಸಿ ಕೊಡುವ ಓಇಎಂ ಪರವಾನಗಿ. ಬೆಲೆ ಕಡಮೆ, ಆದರೆ ಇದು ಆ ಯಂತ್ರದೊಡನೆ ಹುಟ್ಟಿ ಆ ಯಂತ್ರದೊಡನೆಯೇ ಮುಗಿಯುತ್ತದೆ. ಮೊದಲು ಇಂಥ ಯಂತ್ರದ ಮೈಮೇಲೆ ಬೀಗದಕೈಯನ್ನು ಮುದ್ರಿಸಿದ ಚೀಟಿಯನ್ನು ಅಂಟಿಸುತ್ತಿದ್ದರು. 2012ರ ವಿಂಡೋಸ್ 8ರ ಕಾಲದಿಂದ ಅದನ್ನು ಮದರ್‌ಬೋರ್ಡಿನ ಸ್ಥಿರಸ್ಮೃತಿಯಲ್ಲಿಯೇ ಬರೆದಿಡುತ್ತಾರೆ. ಸ್ಥಾಪನೆಯ ವೇಳೆ ವ್ಯವಸ್ಥೆಯು ತಾನೇ ಅದನ್ನು ಓದಿಕೊಳ್ಳುತ್ತದೆ. ಮೂರನೆಯದು ಕಾಲೇಜು ಕಚೇರಿಗಳಂಥ ಸಂಸ್ಥೆಗಳಿಗೆ ಸಗಟಾಗಿ ಕೊಡುವ ವಾಲ್ಯೂಮ್ ಪರವಾನಗಿ. ಇದು ಸಾಮಾನ್ಯವಾಗಿ ಹಿಂದಿನ ಅರ್ಹ ವ್ಯವಸ್ಥೆಯೊಂದು ಇರುವ ಯಂತ್ರಗಳನ್ನು ಮೇಲ್ದರ್ಜೆಗೆ ಏರಿಸಲು ಮಾತ್ರ ಎಂಬುದನ್ನು ಪ್ರಯೋಗಶಾಲೆಗಳನ್ನು ನಡೆಸುವವರು ನೆನಪಿಡಬೇಕು.

ಎಕ್ಸ್‌ಪಿಯ ಕಾಲದಲ್ಲಿ ವಾಲ್ಯೂಮ್ ಕೈಗಳಿಗೆ ಆಕ್ಟಿವೇಷನ್ನಿನ ಕಟ್ಟುಪಾಡಿರಲಿಲ್ಲ. ನೂರಾರು ಯಂತ್ರಗಳಿಗೆ ಒಂದೊಂದಾಗಿ ಹೆಸರು ಹಚ್ಚಿಸುವ ಕಷ್ಟ ಸಂಸ್ಥೆಗಳಿಗೆ ಬೇಡವೆಂಬುದು ಉದ್ದೇಶ. ಆದರೆ ಅಂಥ ಒಂದು ಕೈಯು 2001ರಲ್ಲಿ, ಎಕ್ಸ್‌ಪಿ ಮಾರುಕಟ್ಟೆಗೆ ಬರುವ ಮುನ್ನವೇ, ಹೊರಬಿದ್ದು ಲೋಕವನ್ನೆಲ್ಲ ಸುತ್ತಿತು. ಗಣಿತವೇನೂ ಸೋತಿರಲಿಲ್ಲ, ಆ ಕೈ ಅಪ್ಪಟ ಅಸಲಿ. ಅದನ್ನು ಬರೆದವರ ಬಳಿ ಪರವಾನಗಿ ಮಾತ್ರ ಇರಲಿಲ್ಲ. ಮುಂದಿನ ಪರಿಷ್ಕರಣಗಳಲ್ಲಿ ತಯಾರಕರು ಆ ಕೈಯನ್ನು ನಿಷಿದ್ಧ ಪಟ್ಟಿಗೆ ಸೇರಿಸಬೇಕಾಯಿತು.

ಈ ಪಾಠದಿಂದ ಮುಂದಿನ ವಿಂಡೋಸ್ ವಿಸ್ತಾದಲ್ಲಿ ಸಂಸ್ಥೆಗಳಿಗೂ ಹೊಸ ಏರ್ಪಾಡು ಬಂದಿತು. ಸಂಸ್ಥೆಯ ಒಳಗಿನ ಗಣಕವೊಂದು ದಫ್ತರದ ಕೆಲಸವನ್ನು ವಹಿಸಿಕೊಳ್ಳುತ್ತದೆ. ಕಡಮೆಯೆಂದರೆ 25 ಬಳಕೆಯ ಗಣಕಗಳು ಅದನ್ನು ಸಂಪರ್ಕಿಸಿದ ಮೇಲೆಯೇ ಅದು ಒಪ್ಪಿಗೆ ನೀಡಲಾರಂಭಿಸುತ್ತದೆ. ಒಮ್ಮೆ ದೊರೆತ ಒಪ್ಪಿಗೆ 180 ದಿನಗಳವರೆಗೆ ಸಲ್ಲುತ್ತದೆ. ಅದನ್ನು ನವೀಕರಿಸಲು ಪ್ರತಿ ಗಣಕವೂ ಏಳು ದಿನಗಳಿಗೊಮ್ಮೆ ಪ್ರಯತ್ನಿಸುತ್ತದೆ. ಮನೆಗೆ ಒಯ್ದು ಮರಳಿ ತಾರದ ಯಂತ್ರದ ಒಪ್ಪಿಗೆ ಆರು ತಿಂಗಳಲ್ಲಿ ತಾನಾಗಿಯೇ ತೀರುತ್ತದೆ. ಸ್ವಾರಸ್ಯವೆಂದರೆ, ಈ ಏರ್ಪಾಡಿನಲ್ಲಿ ಬಳಸುವ ಸ್ಥಾಪನೆಯ ಕೈಗಳನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ ಎಲ್ಲರೂ ಓದುವಂತೆ ಪ್ರಕಟಿಸಿದೆ. ಅವು ಗುಟ್ಟೇ ಅಲ್ಲ. ಅವನ್ನು ಬಲ್ಲವರೆಲ್ಲರೂ ಪರವಾನಗಿ ಪಡೆದವರೂ ಅಲ್ಲ. ಕೈ ಬೇರೆ, ಪರವಾನಗಿ ಬೇರೆ ಎಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ನಿದರ್ಶನ ಬೇಕಿಲ್ಲ.

2015ರಲ್ಲಿ ವಿಂಡೋಸ್ 10 ಬಂದಾಗ ಬೀಗದಕೈಯೇ ಅನೇಕರ ಕಣ್ಣಿಂದ ಮರೆಯಾಯಿತು. ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಏರಿದ ಯಂತ್ರಗಳಿಗೆ ಹೊಸ ಕೈಯನ್ನು ಕೊಡಲಿಲ್ಲ. ಯಂತ್ರದ ಗುರುತನ್ನೇ ತಯಾರಕರ ದಫ್ತರದಲ್ಲಿ ಬರೆದುಕೊಳ್ಳಲಾಯಿತು. 2016ರಿಂದ ಆ ದಾಖಲೆಯನ್ನು ಬಳಕೆದಾರನ ಖಾತೆಯೊಡನೆ ಜೋಡಿಸುವ ಅನುಕೂಲವೂ ಒದಗಿತು. ಬೀಗವು ಹೀಗೆ ಕ್ರಮಕ್ರಮವಾಗಿ ಮನೆಯ ಬಾಗಿಲಿನಿಂದ ದೂರದ ದಫ್ತರಕ್ಕೆ ಸ್ಥಳಾಂತರಗೊಂಡಿದೆ. ಇದರಿಂದ ಕೈಯನ್ನು ಕಳೆದುಕೊಳ್ಳುವ ಭಯ ತಪ್ಪಿತು. ಆದರೆ ನಮ್ಮ ಯಂತ್ರ ನಮ್ಮದೆಂದು ಸಾಧಿಸಲು ನಾವು ಇನ್ನೊಬ್ಬರ ಕಡತವನ್ನು ನೆಚ್ಚಬೇಕಾಗಿ ಬಂತು.

ನ್ಯಾಯಾಲಯದ ಮೆಟ್ಟಿಲಲ್ಲಿ

ನಮ್ಮ ದೇಶದಲ್ಲಿ ತಂತ್ರಾಂಶಕ್ಕೆ ರಕ್ಷಣೆ ಕೊಡುವುದು 1957ರ ಕೃತಿಸ್ವಾಮ್ಯ ಕಾಯಿದೆ. 1984ರ ತಿದ್ದುಪಡಿಯು ಗಣಕದ ತಂತ್ರಾಂಶವನ್ನೂ ಅದರ ವ್ಯಾಪ್ತಿಗೆ ತಂದಿತು. ಕಾನೂನಿನ ದೃಷ್ಟಿಯಲ್ಲಿ ತಂತ್ರಾಂಶವು ಕಾದಂಬರಿ ಕವಿತೆಗಳಂತೆ ಒಂದು ಸಾಹಿತ್ಯಕೃತಿಯೆಂದರೆ ವಾಚಕರಿಗೆ ಅಚ್ಚರಿಯಾದೀತು. ಅಕ್ರಮ ಪ್ರತಿಯೆಂದು ತಿಳಿದೂ ಅದನ್ನು ಗಣಕದಲ್ಲಿ ಬಳಸಿದವನಿಗೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸವನ್ನೂ, 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ಕಾಯಿದೆ ವಿಧಿಸುತ್ತದೆ. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದಿದ್ದ ಪಕ್ಷದಲ್ಲಿ ಸೆರೆವಾಸವನ್ನು ಬಿಟ್ಟು, 50,000 ರೂಪಾಯಿಗಳನ್ನು ಮೀರದ ದಂಡವನ್ನು ಮಾತ್ರ ಹಾಕುವ ಅಧಿಕಾರ ನ್ಯಾಯಾಲಯಕ್ಕಿದೆ.

ಕಾನೂನು ತಯಾರಕನೊಬ್ಬನ ಪಕ್ಷವನ್ನೇ ವಹಿಸಿಲ್ಲವೆಂಬುದನ್ನೂ ಹೇಳಬೇಕು. ನ್ಯಾಯವಾಗಿ ತಂತ್ರಾಂಶವನ್ನು ಪಡೆದವನು, ಅದು ಕೆಟ್ಟರೆ ಅಥವಾ ನಾಶವಾದರೆ ಒದಗಲೆಂದು, ಒಂದು ಆಪದ್ಧನದಂತೆ ಪ್ರತಿಯನ್ನು ತೆಗೆದಿಟ್ಟುಕೊಳ್ಳಬಹುದೆಂದು ಅದೇ ಕಾಯಿದೆಯ 52ನೆಯ ಪ್ರಕರಣವು ಹೇಳುತ್ತದೆ.

ಹಾಗಾದರೆ ನಾವು ಕೊಂಡದ್ದು ವಸ್ತುವನ್ನೋ, ಬರಿಯ ಅನುಮತಿಯನ್ನೋ? ಮಾರಿಲ್ಲ, ಪರವಾನಗಿ ಕೊಟ್ಟಿದ್ದೇವೆ ಎಂದು ತಯಾರಕರ ಒಪ್ಪಂದಪತ್ರಗಳು ಬಹುಕಾಲದಿಂದ ಸಾರುತ್ತಿವೆ. ಈ ಪ್ರಶ್ನೆಯು ನಮ್ಮ ಬೆಂಗಳೂರಿನಿಂದಲೇ ಹೊರಟು ದೆಹಲಿಯನ್ನು ಮುಟ್ಟಿತು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಎಂಬ ಬೆಂಗಳೂರಿನ ಸಂಸ್ಥೆಯು ಅಮೆರಿಕದಿಂದ ಸಿದ್ಧ ತಂತ್ರಾಂಶವನ್ನು ತರಿಸಿತ್ತು. ಅದಕ್ಕೆ ತೆತ್ತ ಹಣವು ಕೃತಿಸ್ವಾಮ್ಯದ ಬಳಕೆಗೆ ಕೊಟ್ಟ ಗೌರವಧನವೆಂದೂ, ಅದರಲ್ಲಿ ತೆರಿಗೆಯನ್ನು ಮುರಿದುಕೊಳ್ಳಬೇಕಾಗಿತ್ತೆಂದೂ ಆದಾಯ ತೆರಿಗೆಯ ಇಲಾಖೆ ವಾದಿಸಿತು. 2011ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಇಲಾಖೆಯ ವಾದವನ್ನು ಎತ್ತಿಹಿಡಿಯಿತು. ಆದರೆ 2021ನೆಯ ಮಾರ್ಚ್ 2ರಂದು ಸರ್ವೋಚ್ಚ ನ್ಯಾಯಾಲಯವು ಇದನ್ನು ತಳ್ಳಿಹಾಕಿತು. ಕೃತಿಯ ಮೇಲಿನ ಸ್ವಾಮ್ಯವು ಬೇರೆ, ಆ ಕೃತಿಯ ಒಂದು ಪ್ರತಿ ಬೇರೆ. ಬಳಕೆದಾರನಿಗೆ ದೊರೆತದ್ದು ಪ್ರತಿ. ಸ್ವಾಮ್ಯದ ಯಾವ ಅಂಶವೂ ಅವನ ಕೈಗೆ ಬಂದಿಲ್ಲ ಎಂಬುದು ತೀರ್ಪಿನ ಸಾರ. ಯುರೋಪಿನ ನ್ಯಾಯಾಲಯವು 2012ನೆಯ ಜುಲೈ 3ರಂದು ಮತ್ತೂ ಒಂದು ಹೆಜ್ಜೆ ಮುಂದಿಟ್ಟಿತು. ಅವಧಿಯ ಮಿತಿಯಿಲ್ಲದ ಪರವಾನಗಿಯೊಡನೆ ಮಾರಿದ ತಂತ್ರಾಂಶವನ್ನು, ತನ್ನ ಪ್ರತಿಯನ್ನು ಅಳಿಸಿಹಾಕುವ ಷರತ್ತಿನ ಮೇಲೆ, ಕೊಂಡವನು ಮರುಮಾರಾಟ ಮಾಡಬಹುದೆಂದು ಅದು ತೀರ್ಪಿತ್ತಿತು. ನಿಘಂಟನ್ನು ಮಾರುವ ಹಕ್ಕು ಅಲ್ಲಿ ತಂತ್ರಾಂಶಕ್ಕೂ ಬಂದಂತಾಯಿತು.

ಬೀಗವಿಲ್ಲದ ಮನೆ

ಬೀಗದಕೈಯನ್ನೇ ಕೇಳದ ಕಾರ್ಯಾಚರಣ ವ್ಯವಸ್ಥೆಗಳೂ ಇವೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದರು. 1989ರಲ್ಲಿ ಜಿಪಿಎಲ್ ಎಂಬ ಸಾರ್ವಜನಿಕ ಪರವಾನಗಿಯನ್ನು ರೂಪಿಸಿದರು. ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆದ ಲಿನಕ್ಸ್ ಮರುವರ್ಷ ಈ ಪರವಾನಗಿಯ ಆಶ್ರಯಕ್ಕೆ ಬಂದಿತು. ಇಂಥ ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ನಡೆಸಬಹುದು, ಒಳಗನ್ನು ಓದಿ ಅಭ್ಯಸಿಸಬಹುದು, ಪ್ರತಿಗಳನ್ನು ಹಂಚಬಹುದು, ತಿದ್ದಿ ಹಂಚಲೂಬಹುದು.

ಹಾಗೆಂದು ಇಲ್ಲಿ ನಿಯಮಗಳಿಲ್ಲವೆಂದು ಭಾವಿಸಬಾರದು. ಜಿಪಿಎಲ್ ಕೂಡ ಅದೇ ಕೃತಿಸ್ವಾಮ್ಯದ ಕಾನೂನಿನ ಮೇಲೆ ನಿಂತಿದೆ. ಆದರೆ ತಡೆಯುವುದಕ್ಕಲ್ಲ, ತಡೆಯದಂತೆ ನೋಡಿಕೊಳ್ಳುವುದಕ್ಕೆ. ತಿದ್ದಿದ ತಂತ್ರಾಂಶವನ್ನು ಹಂಚುವವನು ಅದರ ಮೂಲಪಾಠವನ್ನೂ ಕೊಡಬೇಕು. ತಾನು ಪಡೆದ ಸ್ವಾತಂತ್ರ್ಯವನ್ನೇ ಪಡೆದವರಿಗೂ ದಾಟಿಸಬೇಕು. 1976ರ ಆ ಹವ್ಯಾಸಿಗಳ ಪ್ರಶ್ನೆಗೆ ದೊರೆತ ಒಂದು ನ್ಯಾಯಸಮ್ಮತವಾದ ಉತ್ತರ ಇದು: ಹಂಚುವ ಮನಸ್ಸುಳ್ಳವನು ಕದಿಯಬೇಕಾಗಿಲ್ಲ, ಹಂಚಲೆಂದೇ ಬರೆದುದನ್ನು ಆರಿಸಿಕೊಳ್ಳಬಹುದು.

ಇದರಿಂದ ವಿದ್ಯಾರ್ಥಿಗಳು ತಿಳಿಯಬೇಕಾದುದೇನು? ಒಬ್ಬ ವಿದ್ಯಾರ್ಥಿ ಕೂಡಿಟ್ಟ ಹಣದಲ್ಲಿ ಹಳೆಯ ಗಣಕವೊಂದನ್ನು ಕೊಳ್ಳುತ್ತಾನೆನ್ನಿ. ಅದರ ಪರವಾನಗಿ ಯಾವ ಬಗೆಯದೆಂದು ಅವನು ಮೊದಲು ಕೇಳಬೇಕು. ಓಇಎಂ ಆಗಿದ್ದು, ಮದರ್‌ಬೋರ್ಡನ್ನು ಹಿಂದಿನವರು ಬದಲಾಯಿಸಿದ್ದರೆ, ಪರವಾನಗಿ ಹಳೆಯ ಬೋರ್ಡಿನೊಡನೆಯೇ ಹೋಗಿರುವ ಸಂಭವ ಹೆಚ್ಚು. ಬರಿಯ ಬೀಗದಕೈಯನ್ನು ಅತಿ ಅಗ್ಗವಾಗಿ ಮಾರುವವರು ಸಿಕ್ಕಿದರೆ, ಅದು ಯಾವುದೋ ಸಂಸ್ಥೆಯ ಸಗಟು ಕೈಯಾಗಿರಬಹುದೆಂದು ಶಂಕಿಸಬೇಕು. ಇಂದು ತೆರೆದ ಬಾಗಿಲು ದಫ್ತರದವರು ಅದನ್ನು ನಿಷಿದ್ಧ ಪಟ್ಟಿಗೆ ಸೇರಿಸಿದ ದಿನ ಮುಚ್ಚಿಕೊಂಡೀತು. ಬೀಗವನ್ನೇ ಮುರಿದುಕೊಡುವೆವೆನ್ನುವ ತಂತ್ರಾಂಶಗಳಂತೂ ಇನ್ನೂ ಅಪಾಯಕರ; ಬೀಗ ಮುರಿಯಲು ಮನೆಯೊಳಕ್ಕೆ ಬಿಟ್ಟುಕೊಂಡವನು ಇನ್ನೇನನ್ನು ಮಾಡಿಹೋದನೆಂದು ಬಲ್ಲವರಾರು? ಪರವಾನಗಿಯಿದ್ದರೂ ವ್ಯವಸ್ಥೆಗೆ ಪೋಷಣೆಯುಂಟೋ ಎಂದೂ ವಿಚಾರಿಸಬೇಕು: ವಿಂಡೋಸ್ 10ರ ಸಾಮಾನ್ಯ ಪೋಷಣೆ 2025ನೆಯ ಅಕ್ಟೋಬರ್ 14ಕ್ಕೆ ಮುಗಿದಿದೆ. ಇಷ್ಟೆಲ್ಲ ವಿಚಾರಿಸಿಯೂ ಪರವಾನಗಿಗೆ ಹಣ ಸಾಲದಿದ್ದರೆ, ಮುಕ್ತ ವ್ಯವಸ್ಥೆಯೊಂದನ್ನು ಸ್ಥಾಪಿಸಿಕೊಂಡು ನಿಶ್ಚಿಂತೆಯಿಂದ ಅಭ್ಯಾಸವನ್ನು ಆರಂಭಿಸಬಹುದು.

ಇನ್ನು ಮುಂದೆ ಪರದೆಯ ಮೇಲೆ ಆ ಉದ್ದವಾದ ಒಪ್ಪಂದಪತ್ರ ಮೂಡಿದಾಗ, ಒಪ್ಪಿದ್ದೇನೆಂದು ಒತ್ತುವ ಮುನ್ನ, ಎರಡು ಸಂಗತಿಗಳನ್ನಾದರೂ ಅದರಲ್ಲಿ ಹುಡುಕಿ ಓದೋಣ: ಎಷ್ಟು ಯಂತ್ರಗಳಲ್ಲಿ ಬಳಸಬಹುದು, ಇನ್ನೊಂದು ಯಂತ್ರಕ್ಕೆ ಸಾಗಿಸಬಹುದೆ ಇಲ್ಲವೆ. ಇಪ್ಪತ್ತೈದು ಅಕ್ಷರಗಳು ಸರಿಯಾಗಿವೆಯೇ ಎಂಬುದನ್ನು ಯಂತ್ರವು ನೋಡಿಕೊಳ್ಳುತ್ತದೆ. ಈ ಎರಡನ್ನು ನೋಡಿಕೊಳ್ಳಬೇಕಾದವರು ನಾವು.